ಬಂಡೆಗಳನ್ನು ಸೇವ್ ಮಾಡಿದ ರೈಸ್ ಸಾಹೇಬರು

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯಿಂದ ದಿನಾ ಚಿತ್ರದುರ್ಗಕ್ಕೆ ಬಸ್ಸಲ್ಲಿ ಓಡಾಡುವ ನಮ್ಮ ಗೆಳೆಯರಿಗೆಲ್ಲ ಒಂದು ಅಭ್ಯಾಸ ಇದೆ. ಬಸ್ ಹತ್ತುವ ಮುಂಚೆ ಕಾಲೇಜಿನ ವೈಫೈಯಲ್ಲೇ ಓದಬೇಕಾದ ಪೇಜುಗಳನ್ನೆಲ್ಲ ಬ್ರೌಸರ್‌ನಲ್ಲಿ ಡೌನ್‌ಲೋಡ್ ಮಾಡಿ ಇಟ್ಟುಕೊಂಡುಬಿಡೋದು. ಊರು ದಾಟಿದ ಮೇಲೆ ಸಿಗ್ನಲ್ ಎಲ್ಲಿ ಇರುತ್ತೆ, ಎಲ್ಲಿ ಹೋಗುತ್ತೆ ಅಂತ ಹೇಳೋಕಾಗಲ್ಲ. ಡೇಟಾ ಪ್ಯಾಕ್ ಮುಗಿಯೋದಂತೂ ತಿಂಗಳ ಕೊನೆಯ ಮಾಮೂಲಿ ಕಥೆ.

ಇದು ಸೇವ್ ಮಾಡೋದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಇವತ್ತು ಇರುವ ಪೇಜ್ ನಾಳೆ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ನಾವೆಲ್ಲ ನಂಬಿಕೊಂಡಿದ್ದ ಒಂದು ನೋಟ್ಸ್ ಸೈಟ್ ಇಂಟರ್ನಲ್ಸ್‌ಗೆ ನಾಲ್ಕು ದಿನ ಇರುವಾಗ ಕಣ್ಮುಚ್ಚಿತು. ಅದೇನು ಬಿಡಿ, ಸಣ್ಣ ವಿಷಯ. ಒಂದು ಕಾಲಕ್ಕೆ ಪ್ರಪಂಚದ ಅತಿ ದೊಡ್ಡ ಸೈಟುಗಳಲ್ಲಿ ಒಂದಾಗಿದ್ದ ಜಿಯೋಸಿಟೀಸ್ 2009ರಲ್ಲಿ ಬಾಗಿಲು ಹಾಕಿದಾಗ ಲಕ್ಷಾಂತರ ಜನ ಬರೆದಿಟ್ಟ ಪುಟಗಳು ಹೋಗುವುದರಲ್ಲಿದ್ದವು. ಯಾರೋ ಕೆಲವರು ಹಟ ಹಿಡಿದು ಅವನ್ನು ಇಳಿಸಿಕೊಂಡಿದ್ದರಿಂದ ಒಂದಷ್ಟು ಉಳಿಯಿತು.

ಈ ಹಟ ಇದ್ದ ಒಬ್ಬರು ನಮ್ಮ ಜಿಲ್ಲೆಯಲ್ಲೂ ಓಡಾಡಿದ್ದರು. ಅವರ ಕಾಲಕ್ಕೆ ಕಂಪ್ಯೂಟರ್ ಇರಲಿಲ್ಲ, ಪೇಜುಗಳೆಲ್ಲ ಕಲ್ಲಿನ ಮೇಲಿದ್ದವು. ಹೆಸರು ಬೆಂಜಮಿನ್ ಲೂಯಿಸ್ ರೈಸ್. ಕನ್ನಡ ಪಠ್ಯದಲ್ಲಿ ಬಿ.ಎಲ್. ರೈಸ್ ಅಂತ ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಎರಡು ಮಾರ್ಕ್ಸ್ ಪ್ರಶ್ನೆಗೆ ಎಪಿಗ್ರಾಫಿಯಾ ಕರ್ನಾಟಿಕಾ ಅಂತ ಬರೆದು ನಾವು ಮುಂದೆ ಹೋಗಿದ್ದೇವೆ. ಆ ಒಂದು ಸಾಲಿನ ಹಿಂದೆ ಏನಿದೆ ಅಂತ ಈ ಸಲ ನೋಡೋಣ.

ರೈಸ್ ಹುಟ್ಟಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ಅಪ್ಪ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಅಂತ ಇದೆಯಲ್ಲ, ಅದು ಈ ಅಪ್ಪನ ಹೆಸರಿನದು, ಮಗನದಲ್ಲ. ಮನೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಕನ್ನಡ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಕನ್ನಡ ಸಂಘಕ್ಕೆ ಬಂದಿರುವ ನಮ್ಮಂಥವರಿಗೆ ಇದು ಸ್ವಲ್ಪ ಹತ್ತಿರದ ಕಥೆ ಅನ್ನಿಸುತ್ತೆ.

ಅವರು ಹುಟ್ಟಿದ ಆಸುಪಾಸಿನಲ್ಲೇ ಕಲ್ಕತ್ತದಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಅಲ್ಲಿನ ಟಂಕಸಾಲೆಯಲ್ಲಿ ಲೋಹ ಪರೀಕ್ಷೆ ಮಾಡುವ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಎಂಬುವವರು ಬ್ರಾಹ್ಮಿ ಲಿಪಿಯ ಗಂಟು ಬಿಡಿಸಿದ್ದು 1837ರ ಹೊತ್ತಿಗೆ. ಅಲ್ಲಿಯವರೆಗೆ ನೂರಾರು ವರ್ಷ ಅಶೋಕನ ಬಂಡೆಗಳು ಕಣ್ಣೆದುರಿಗೇ ಇದ್ದವು, ಓದುವವರು ಮಾತ್ರ ಇರಲಿಲ್ಲ. ಫೈಲ್ ಇದೆ, ಓಪನ್ ಆಗಲ್ಲ ಅಂತಾರಲ್ಲ, ಹಾಗೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಇಂಗ್ಲೆಂಡಿನಲ್ಲಿ ಓದು ಮುಗಿಸಿ 1860ರಲ್ಲಿ ರೈಸ್ ಬೆಂಗಳೂರಿಗೆ ವಾಪಸ್ ಬಂದರು. ಬೆಂಗಳೂರು ಹೈಸ್ಕೂಲಿಗೆ ಮುಖ್ಯಸ್ಥರಾದರು. ಅದೇ ಹೈಸ್ಕೂಲು ಆಮೇಲೆ ಸೆಂಟ್ರಲ್ ಕಾಲೇಜ್ ಆಯಿತು. 1865ರಲ್ಲಿ ಅವರಿಗೆ ಸಿಕ್ಕಿದ್ದು ಮೈಸೂರು ಮತ್ತು ಕೊಡಗಿನ ಶಾಲಾ ತನಿಖಾಧಿಕಾರಿಯ ಹುದ್ದೆ. ಅಂದರೆ ಊರೂರು ಸುತ್ತುವ ಕೆಲಸ, ಅದೂ ಕುದುರೆ ಮೇಲೆ. ಹೋಬಳಿಗೊಂದು ಶಾಲೆ ಆಗಬೇಕು ಎಂಬ ಯೋಜನೆಯನ್ನು 1868ರಲ್ಲಿ ಮುಂದಿಟ್ಟವರಲ್ಲಿ ಅವರೇ ಮುಖ್ಯರು. ನಮ್ಮ ತಾತ ಮುತ್ತಾತಂದಿರಲ್ಲಿ ಯಾರಾದರೂ ಹೋಬಳಿ ಶಾಲೆಯಲ್ಲಿ ಅಕ್ಷರ ಕಲಿತಿದ್ದರೆ ಅದರಲ್ಲಿ ಈ ಸಾಹೇಬರ ಪಾಲೂ ಇದೆ.

ಶಾಲೆ ನೋಡಲು ಹೋದವರಿಗೆ ಎಲ್ಲ ಊರಿನಲ್ಲೂ ಒಂದು ವಸ್ತು ಎದುರಾಗುತ್ತಿತ್ತು. ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಅಕ್ಷರದ ಕಲ್ಲು. ಮೇಲೆ ಸೂರ್ಯ ಚಂದ್ರ, ಕೆಳಗೆ ಸಾಲುಸಾಲು ಹಳೆಗನ್ನಡ. ಊರಿನವರಿಗೆ ಅದು ಲಿಪಿಕಲ್ಲು, ಇಲ್ಲವೇ ನಿಧಿ ಇರುವ ಜಾಗದ ಗುರುತು. ನಿಧಿಯ ಆಸೆಗೆ ಎಷ್ಟು ಶಾಸನ ಕಿತ್ತುಹಾಕಿದ್ದಾರೋ, ಬಟ್ಟೆ ಒಗೆಯುವ ಕಲ್ಲಾಗಿ ಎಷ್ಟು ಸವೆದವೋ, ಮನೆ ಮೆಟ್ಟಿಲಿಗೆ ಎಷ್ಟು ಹೋದವೋ. ಇವತ್ತಿಗೂ ಇದು ನಿಂತಿಲ್ಲ. ರಸ್ತೆ ಅಗಲ ಮಾಡುವ ಜೆಸಿಬಿಗೆ ವೀರಗಲ್ಲಿಗೂ ಮೈಲಿಗಲ್ಲಿಗೂ ವ್ಯತ್ಯಾಸ ಗೊತ್ತಾಗಲ್ಲ.

ಸರ್ಕಾರಕ್ಕೆ ಈ ಕಲ್ಲುಗಳ ಮೇಲೆ ಮೊದಲು ಕಣ್ಣು ಬಿದ್ದಿದ್ದು ಫೋಟೊ ಮೂಲಕ. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿಯಿಂದ ಮೈಸೂರು ಸೀಮೆಯ ಶಾಸನಗಳ ಫೋಟೊ ತೆಗೆಸಿದ್ದರು. ಆ ಕಾಲದ ಫೋಟೊ ಅಂದರೆ ಗಾಜಿನ ಹಲಗೆಗೆ ರಾಸಾಯನಿಕ ಬಳಿದು, ಅದು ಒಣಗುವ ಮುಂಚೆ ಕ್ಲಿಕ್ಕಿಸಿ, ಅಲ್ಲೇ ಕತ್ತಲೆ ಡೇರೆಯಲ್ಲಿ ತೊಳೆಯಬೇಕು. ಇಷ್ಟೆಲ್ಲ ಸಾಮಾನು ಎತ್ತಿನ ಗಾಡಿಯಲ್ಲಿ ಬರಬೇಕು. ಆ ಫೋಟೊಗಳನ್ನು ಓದಿ ಅನುವಾದ ಮಾಡುವ ಕೆಲಸ ರೈಸ್ ಅವರ ಮೇಜಿಗೆ ಬಂತು. ಅದೇ 1879ರಲ್ಲಿ ಮೈಸೂರು ಇನ್‌ಸ್ಕ್ರಿಪ್ಷನ್ಸ್ ಎಂಬ ಪುಸ್ತಕವಾಯಿತು.

ಇಲ್ಲಿ ಅವರಿಗೆ ಒಂದು ವಿಷಯ ಮನವರಿಕೆಯಾಗಿರಬೇಕು ಅಂತ ನಮ್ಮ ಊಹೆ. ನಾವು ಬೋರ್ಡಿನ ಫೋಟೊ ತೆಗೆದುಕೊಂಡು ಬಂದು ರಾತ್ರಿ ರೂಮಿನಲ್ಲಿ ಓದೋಕೆ ಕೂತಾಗ ಏನಾಗುತ್ತೆ? ಅರ್ಧ ಅಕ್ಷರ ಬೆಳಕಿಗೆ ಹೊಳೆದಿರುತ್ತೆ, ಒಂದು ಮೂಲೆಯಲ್ಲಿ ಮುಂದಿನ ಬೆಂಚಿನವನ ತಲೆ. ಕಲ್ಲಿನ ಫೋಟೊ ಕಥೆಯೂ ಅದೇ. ಸವೆದ ಅಕ್ಷರ ಫೋಟೊದಲ್ಲಿ ನೆರಳೋ ಗೀರೋ ತಿಳಿಯಲ್ಲ. ಓದಬೇಕಾದರೆ ಕಲ್ಲಿನ ಹತ್ತಿರವೇ ಹೋಗಬೇಕು, ಇಲ್ಲವೇ ಕಲ್ಲಿನ ಮೇಲ್ಮೈಯನ್ನೇ ಕಾಗದಕ್ಕೆ ಇಳಿಸಿಕೊಂಡು ಬರಬೇಕು.

ಕಾಗದಕ್ಕೆ ಇಳಿಸುವುದಕ್ಕೆ ಪಡಿಯಚ್ಚು ಅಂತ ಹೆಸರು. ವಿಧಾನ ಕೇಳಿದರೆ ಲ್ಯಾಬ್ ಎಕ್ಸ್‌ಪೆರಿಮೆಂಟ್ ಥರಾನೇ ಇದೆ. ಮೊದಲು ಕಲ್ಲನ್ನು ನೀರು ಹಾಕಿ ಉಜ್ಜಿ ತೊಳೆಯಬೇಕು, ಪಾಚಿ ಮಣ್ಣು ಎಲ್ಲ ಹೋಗಬೇಕು. ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಗುಳ್ಳೆ ಬರದ ಹಾಗೆ ಹಾಸಬೇಕು. ಗಟ್ಟಿ ಕೂದಲಿನ ಬ್ರಷ್‌ನಿಂದ ಒಂದೇ ಸಮನೆ ಬಡಿಯುತ್ತಾ ಹೋದರೆ ಕಾಗದ ಕೊರೆದ ಅಕ್ಷರಗಳ ಒಳಗೆ ಇಳಿಯುತ್ತದೆ. ಜೋರಾಗಿ ಬಡಿದರೆ ಹರಿಯುತ್ತೆ, ಮೆಲ್ಲಗೆ ಬಡಿದರೆ ಅಕ್ಷರ ಮೂಡಲ್ಲ. ಸ್ವಲ್ಪ ಆರಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿಯನ್ನು ಮೇಲುಮೇಲಕ್ಕೆ ಒತ್ತಬೇಕು. ಗುಳಿಗೆ ಇಳಿದ ಕಾಗದಕ್ಕೆ ಮಸಿ ತಾಗಲ್ಲ. ಹಾಗಾಗಿ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ಎದ್ದು ಕಾಣುತ್ತದೆ. ಒಣಗಿದ ಮೇಲೆ ಬಿಡಿಸಿ, ಸುತ್ತಿ, ಪೆಟ್ಟಿಗೆಗೆ ಹಾಕಿದರೆ ಆಯಿತು. ಟನ್ನುಗಟ್ಟಲೆ ತೂಕದ ಬಂಡೆ ಈಗ ಕಂಕುಳಲ್ಲಿ. ಬೆಂಗಳೂರಿನಲ್ಲಿ ದೀಪದ ಕೆಳಗೆ ಕೂತು ಆರಾಮಾಗಿ ಓದಬಹುದು. ಆಫ್‌ಲೈನ್ ರೀಡಿಂಗ್ ಅಂದರೆ ಇನ್ನೇನು ಸ್ವಾಮಿ?

1885ರಲ್ಲಿ ಮೈಸೂರು ಸಂಸ್ಥಾನ ಪುರಾತತ್ವ ಇಲಾಖೆ ಶುರು ಮಾಡಿತು. ರೈಸ್ ಬೇರೆ ಕೆಲಸಗಳ ಜೊತೆಗೇ ಇದನ್ನೂ ನೋಡಿಕೊಂಡರು. 1890ರಿಂದ ಪೂರ್ಣಾವಧಿ ನಿರ್ದೇಶಕರಾದರು. ಇದರ ಮಧ್ಯೆ ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರ್ ಬರೆದರು, ಪಂಪ ಭಾರತ, ಪಂಪ ರಾಮಾಯಣದಂಥ ಹಳಗನ್ನಡ ಕಾವ್ಯಗಳನ್ನು ತಾಳೆಗರಿಯಿಂದ ಮುದ್ರಣಕ್ಕೆ ತಂದರು. ಅದೇ ಒಂದು ಬೇರೆ ಲೇಖನ ಆಗುತ್ತೆ, ಸದ್ಯ ಬಿಡೋಣ. ಎಪಿಗ್ರಾಫಿಯಾ ಕರ್ನಾಟಿಕಾ ಸರಣಿಯ ಮೊದಲ ಸಂಪುಟ, ಕೊಡಗಿನದು, 1886ರಲ್ಲಿ ಬಂತು. ಆಮೇಲೆ ಶ್ರವಣಬೆಳಗೊಳ, ಮೈಸೂರು, ಹಾಸನ ಹೀಗೆ ಒಂದೊಂದಾಗಿ ಹನ್ನೆರಡು ಸಂಪುಟ. ನಮ್ಮ ಚಿತ್ರದುರ್ಗ ಜಿಲ್ಲೆಯದು ಹನ್ನೊಂದನೆಯದು, 1903ರಲ್ಲಿ ಪ್ರಕಟವಾಯಿತು. ಎಲ್ಲ ಸೇರಿ 8,869 ಶಾಸನಗಳು. ಇದಕ್ಕೆ ಹಿಡಿದದ್ದು ಒಬ್ಬ ಮನುಷ್ಯನ ಸರ್ವಿಸ್ಸು ಪೂರ್ತಿ.

ಆದರೆ ನಮ್ಮ ಜಿಲ್ಲೆಯಲ್ಲಿ ಅವರು ಹೆಸರಾದದ್ದು ಸಂಪುಟಕ್ಕೂ ಮೊದಲೇ, 1892ರಲ್ಲಿ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಗೊತ್ತಲ್ಲ? ಅಲ್ಲೊಂದು ಬಂಡೆಗೆ ಊರವರು ಅಕ್ಷರ ಗುಂಡು ಅನ್ನುತ್ತಿದ್ದರು. ಅಕ್ಷರ ಅಂತ ಗೊತ್ತು, ಯಾವ ಅಕ್ಷರ ಅಂತ ಗೊತ್ತಿಲ್ಲ. ಹತ್ತಿರದ ಸಿದ್ದಾಪುರದಲ್ಲಿ ಇನ್ನೊಂದು. ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಮತ್ತೊಂದು, ಅದು ಬಳೆಗಾರರ ಗುಂಡಿನ ಪಕ್ಕ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗ ಅದು. ಜನ ತುಳಿದೂ ತುಳಿದೂ ಅಲ್ಲಿನ ಅಕ್ಷರ ಬಹಳಷ್ಟು ಸವೆದಿತ್ತು. ಮೂರನ್ನೂ ರೈಸ್ ಹೊರಗೆ ತಂದರು. ಮೂರೂ ಅಶೋಕನ ಶಾಸನ. ಕ್ರಿಸ್ತಪೂರ್ವ ಮೂರನೇ ಶತಮಾನದವು. ಮೌರ್ಯರ ಆಡಳಿತ ಇಷ್ಟು ದಕ್ಷಿಣಕ್ಕೆ, ನಮ್ಮ ಜಿಲ್ಲೆಯವರೆಗೆ ಬಂದಿತ್ತು ಅನ್ನೋದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿತು. ಪ್ರಿನ್ಸೆಪ್ ಬಿಡಿಸಿದ್ದ ಗಂಟು ಐವತ್ತೈದು ವರ್ಷದ ಮೇಲೆ ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಈ ಶಾಸನ ಶುರುವಾಗುವ ರೀತಿಯೇ ಚೆನ್ನಾಗಿದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಲ್ಲಿನ ದೊಡ್ಡ ಅಧಿಕಾರಿಗಳು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಮೊದಲು ಆರೋಗ್ಯ ವಿಚಾರಿಸುತ್ತಾರೆ, ಆಮೇಲೆ ರಾಜಾಜ್ಞೆ. ನಮ್ಮ ಅಜ್ಜಂದಿರ ಕಾಗದಗಳಲ್ಲಿ ಕ್ಷೇಮ ಸಮಾಚಾರ ಮೊದಲು ಬರುತ್ತಿತ್ತಲ್ಲ, ಹಾಗೆ. ಇಸಿಲ ಅಂದರೆ ಬ್ರಹ್ಮಗಿರಿ ಪಕ್ಕದ ಪ್ರಾಚೀನ ಊರು. ಅಪ್ಪ ಅಮ್ಮನ ಮಾತು ಕೇಳಬೇಕು, ಗುರುಗಳಿಗೆ ಮರ್ಯಾದೆ ಕೊಡಬೇಕು ಅನ್ನುವ ಅರ್ಥದ ಸಾಲುಗಳೂ ಇವೆ. ಕೊನೆಯಲ್ಲಿ ಬರೆದವನ ಹೆಸರು ಚಪಡ. ಅವನು ಸುಮ್ಮನೆ ಸಹಿ ಹಾಕಿಲ್ಲ. ಶಾಸನ ಎಲ್ಲ ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಅನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ, ಬಳಕೆಯಲ್ಲಿದ್ದದ್ದು ಭಾರತದ ವಾಯವ್ಯ ಮೂಲೆಯಲ್ಲಿ. ಅಷ್ಟು ದೂರದ ಲಿಪಿ ಮೊಳಕಾಲ್ಮೂರಿನ ಬಂಡೆಯ ಮೇಲೆ! ತನಗೆ ಎರಡು ಲಿಪಿ ಬರುತ್ತೆ ಅಂತ ತೋರಿಸಿಕೊಳ್ಳುವ ಆಸೆ ಇರಬಹುದು. ನಮ್ಮಲ್ಲಿ ಕೆಲವರು ಕೋಡಿನ ಕಾಮೆಂಟಿನಲ್ಲಿ ಹೆಸರು ಬರೆದುಕೊಳ್ಳಲ್ವಾ?

ಎಂಜಿನಿಯರಿಂಗ್ ಓದುವವರು ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಒಂದೇ ಸಂದೇಶವನ್ನು ಅಕ್ಕಪಕ್ಕದ ಮೂರು ಕಡೆ ಕೆತ್ತಿಸಿದ್ದಾರೆ. ಮೂರು ಕಾಪಿ. ಜಟಿಂಗ ರಾಮೇಶ್ವರದ್ದು ಸವೆದು ಹೋಗಿದೆ, ಸಿದ್ದಾಪುರದ್ದರಲ್ಲೂ ಅಲ್ಲಲ್ಲಿ ಹೋಗಿದೆ, ಬ್ರಹ್ಮಗಿರಿಯದ್ದು ಚೆನ್ನಾಗಿ ಉಳಿದಿದೆ. ಒಂದರಲ್ಲಿ ಅಳಿಸಿದ ಅಕ್ಷರವನ್ನು ಇನ್ನೊಂದು ನೋಡಿ ತುಂಬಿಕೊಳ್ಳಬಹುದು. ಬ್ಯಾಕಪ್ ಬಗ್ಗೆ ನಮಗೆ ಯಾರೂ ಇದಕ್ಕಿಂತ ಚೆನ್ನಾಗಿ ಪಾಠ ಮಾಡಿಲ್ಲ.

ಇನ್ನೂ ಒಂದು ಗಮ್ಮತ್ತು. ರೈಸ್‌ಗೆ ಸಿಕ್ಕ ಶಾಸನಗಳಲ್ಲಿ ಅಶೋಕ ಅನ್ನೋ ಹೆಸರೇ ಇಲ್ಲ. ದೇವಾನಾಂಪಿಯ ಅಂದರೆ ದೇವರಿಗೆ ಪ್ರಿಯನಾದವನು ಅಂತ ಮಾತ್ರ ಇದೆ. ಈ ಬಿರುದಿನವನೇ ಅಶೋಕ ಅನ್ನುವುದನ್ನು ವಿದ್ವಾಂಸರು ಬೇರೆ ಆಧಾರಗಳಿಂದ ಹೇಳುತ್ತಿದ್ದರು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರೇ ಇರುವ ಶಾಸನ ಸಿಕ್ಕಿತು. ಕಂಡುಹಿಡಿದವರು ಯಾರು ಗೊತ್ತಾ? ಬೀಡನ್ ಅಂತ, ಚಿನ್ನದ ಗಣಿಯ ಎಂಜಿನಿಯರ್. ನಮ್ಮ ಪೈಕಿಯವರೇ. ಹೊಸದಾಗಿ ಸಿಕ್ಕಿದ್ದನ್ನು ಹಳೆಯದರ ಜೊತೆ ಹೋಲಿಸೋಕೆ ಬ್ರಹ್ಮಗಿರಿಯ ಪಾಠ ಅಷ್ಟೊತ್ತಿಗೆ ಪುಸ್ತಕಗಳಲ್ಲಿ ಸಿದ್ಧವಾಗಿತ್ತು.

ಈಗ ಸಂಪುಟ ಹನ್ನೊಂದಕ್ಕೆ ಬರೋಣ. ನಮ್ಮ ಬಳಿ ಅದರ ಸ್ಕ್ಯಾನ್ ಪಿಡಿಎಫ್ ಇದೆ, ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಂಡದ್ದು. ತೆಗೆದು ನೋಡಿದರೆ ಮೊದಲು ಗಾಬರಿಯಾಗುತ್ತೆ, ನಿಧಾನಕ್ಕೆ ಅದರ ಲೆಕ್ಕಾಚಾರ ಗೊತ್ತಾಗುತ್ತೆ. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ನಂಬರ್ ಕೊಟ್ಟಿದ್ದಾರೆ. ಚಿತ್ರದುರ್ಗಕ್ಕೊಂದು ಸರಣಿ, ಹಿರಿಯೂರಿಗೊಂದು, ಹೊಸದುರ್ಗಕ್ಕೊಂದು, ಹೊಳಲ್ಕೆರೆಗೊಂದು. ಆಗ ದಾವಣಗೆರೆ, ಜಗಳೂರು ಕೂಡ ನಮ್ಮ ಜಿಲ್ಲೆಯೇ, ಅವೂ ಇವೆ. ಪ್ರತಿ ಶಾಸನದ ತಲೆಯ ಮೇಲೆ ಅದು ಯಾವ ಊರಿನಲ್ಲಿ, ಯಾವ ಗುಡಿಯ ಯಾವ ಕಡೆ, ಯಾವ ಹೊಲದಲ್ಲಿ ಇದೆ ಅಂತ ಒಂದು ಸಾಲು.

ಕ್ರೋಮ್‌ನಲ್ಲಿ ಪೂರ್ತಿ ಪೇಜ್ ಸೇವ್ ಮಾಡಿ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದ್ದೀರಾ? ಮೇಲ್ಗಡೆ ಅದು ಯಾವ ವಿಳಾಸದಿಂದ ಬಂತು ಅನ್ನುವ ಸಾಲು ಇರುತ್ತೆ. ಸ್ಕ್ರೀನ್‌ಶಾಟ್‌ನಲ್ಲಿ ಅದಿರಲ್ಲ. ಅದಕ್ಕೇ ಗ್ಯಾಲರಿಯಲ್ಲಿ ನೂರಾರು ಸ್ಕ್ರೀನ್‌ಶಾಟ್ ಇದ್ದರೂ ಯಾವುದು ಎಲ್ಲಿಂದ ಬಂತು ಅಂತ ತಿಳಿಯದೆ ಪರದಾಡೋದು. ರೈಸ್ ಅವರ ಆ ಒಂದು ಸಾಲಿನ ವಿಳಾಸ ಇರುವುದರಿಂದಲೇ ನೂರಿಪ್ಪತ್ತು ವರ್ಷ ಆದ ಮೇಲೂ ಹೊಸದುರ್ಗದ ನಮ್ಮ ಗೆಳತಿಯೊಬ್ಬಳು ತನ್ನ ಊರಿನ ಹೆಸರು ಹುಡುಕಿ, ಗುಡಿ ಹತ್ತಿರ ಹೋಗಿ, ಕಲ್ಲು ಇದೆಯಾ ಇಲ್ಲವಾ ಅಂತ ನೋಡಿಬರಬಹುದು.

ವಿಳಾಸ ಒಂದಾಯಿತು. ಪಾಠವನ್ನು ಮೂರು ರೂಪದಲ್ಲಿ ಕೊಟ್ಟಿದ್ದಾರೆ ಅನ್ನೋದು ಇನ್ನೊಂದು. ಕನ್ನಡ ಲಿಪಿಯಲ್ಲಿ ಮೂಲ, ರೋಮನ್ ಲಿಪಿಯಲ್ಲಿ ಅದೇ ಪಾಠ, ಜೊತೆಗೆ ಇಂಗ್ಲಿಷ್ ಅನುವಾದ. ಒಬ್ಬನೇ ಓದುಗನನ್ನು ನೆಚ್ಚಿಕೊಂಡಿಲ್ಲ. ಇದರ ಬೆಲೆ ಗೊತ್ತಾಗಬೇಕಾದರೆ ಯೂನಿಕೋಡ್ ಬರುವ ಮುಂಚಿನ ಕನ್ನಡ ವೆಬ್ ಪೇಜ್ ಒಂದನ್ನು ಯಾರಾದರೂ ಸೇವ್ ಮಾಡಿಟ್ಟಿದ್ದರೆ ಈಗ ತೆರೆದು ನೋಡಿ. ಒಂದೊಂದು ಸೈಟಿಗೆ ಒಂದೊಂದು ಫಾಂಟು. ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫೈಲ್ ಸುರಕ್ಷಿತ, ಓದೋಕೆ ಮಾತ್ರ ಆಗಲ್ಲ. ಪ್ರಿನ್ಸೆಪ್ ಬರುವ ಮುಂಚಿನ ಅಶೋಕನ ಬಂಡೆ ಥರ. ಕಾಪಿ ಮಾಡಿಟ್ಟರೆ ಉಳಿಯುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ಓದುವ ದಾರಿಯನ್ನೂ ಜೊತೆಗೆ ಕಟ್ಟಿಕೊಡದಿದ್ದರೆ ಉಳಿದೂ ಉಳಿಯದ ಹಾಗೆ.

ಇನ್ನು ಸಂಪುಟದ ಒಳಗೆ ಏನಿದೆ? ರಾಜರ ಹೊಗಳಿಕೆ ಇದ್ದೇ ಇದೆ, ಅದನ್ನು ಹಾರಿಸಿ ಕೆಳಗೆ ಬನ್ನಿ. ಕೆರೆ ಕಟ್ಟಿಸಿದವರು, ತೂಬು ಸರಿಪಡಿಸಿದವರು, ಗುಡಿಯ ದೀಪಕ್ಕೆ ಎಣ್ಣೆ ಬಿಟ್ಟವರು, ದನ ಬಿಡಿಸಲು ಹೋಗಿ ಸತ್ತವರು. ಹೊಲದ ನಾಲ್ಕು ಮೇರೆ, ಯಾವ ಹುಣಸೆಮರದಿಂದ ಯಾವ ಹಳ್ಳದವರೆಗೆ ಅನ್ನುವಂಥ ವಿವರ. ಕೊನೆಗೆ ಈ ದಾನಕ್ಕೆ ಅಡ್ಡಿ ಮಾಡಿದವನಿಗೆ ಏನೇನು ಗತಿ ಅಂತ ಶಾಪ. ನಮ್ಮ ಆಪ್‌ಗಳ ಷರತ್ತು ನಿಬಂಧನೆಗಳನ್ನು ಯಾರೂ ಓದಲ್ಲ, ಇದನ್ನು ಮಾತ್ರ ಓದಿದರೆ ಮೈ ಜುಮ್ ಅನ್ನುತ್ತೆ. ಚಿತ್ರದುರ್ಗದ ಹಳೆಯ ಹೆಸರು ಬೆಮ್ಮತ್ತನಕಲ್ಲು ಅಂತ ನಮಗೆ ಗೊತ್ತಾಗಿದ್ದು ಇಂಥ ಕಲ್ಲುಗಳಿಂದಲೇ. ಹೊಸದುರ್ಗ ತಾಲ್ಲೂಕಿನ ನಿರ್ಗುಂದ ಈಗ ಸಣ್ಣ ಹಳ್ಳಿ. ಗಂಗರ ಕಾಲದಲ್ಲಿ ಅದು ಒಂದು ನಾಡಿನ ಮುಖ್ಯಸ್ಥಳ ಅನ್ನೋದನ್ನು ಹೇಳೋದೂ ಶಾಸನವೇ.

ಹಿರಿಯೂರಿನವರಿಗೆ ಒಂದು ಮಾತು. ನಿಮ್ಮ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಕಟ್ಟಿದ್ದು 1898ರಿಂದ 1907ರವರೆಗೆ. ರೈಸ್ ಮತ್ತು ಅವರ ಸಹಾಯಕರು ಈ ಜಿಲ್ಲೆಯ ಸಂಪುಟ ಸಿದ್ಧ ಮಾಡುತ್ತಿದ್ದದ್ದೂ ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ. ಒಂದೇ ಸರ್ಕಾರದ ಒಂದು ಇಲಾಖೆ ವೇದಾವತಿಯ ಕಣಿವೆಗೆ ನೀರು ತುಂಬಿಸುವುದಕ್ಕೆ ಹೊರಟಿತ್ತು, ಇನ್ನೊಂದು ಇಲಾಖೆ ನೆಲದ ಮೇಲಿನ ಕಲ್ಲುಗಳ ಅಕ್ಷರ ಇಳಿಸಿಕೊಳ್ಳುತ್ತಿತ್ತು. ಅಣೆಕಟ್ಟು ಬೇಕೇ ಬೇಕಿತ್ತು, ಬರಗಾಲದ ಜಿಲ್ಲೆ ನಮ್ಮದು. ಸಿವಿಲ್ ಬ್ರಾಂಚಿನವರು ಇದನ್ನು ಓದಿ ನಮ್ಮ ಮೇಲೆ ಜಗಳಕ್ಕೆ ಬರಬೇಡಿ.

ರೈಸ್ ಮಾಡಿದ್ದೆಲ್ಲ ಸರಿ ಅಂತ ನಾವು ಹೇಳುತ್ತಿಲ್ಲ. ಅವರ ದೊಡ್ಡ ಜಗಳ ಜೆ.ಎಫ್. ಫ್ಲೀಟ್ ಜೊತೆ. ಫ್ಲೀಟ್ ಮುಂಬಯಿ ಪ್ರಾಂತದ ಅಧಿಕಾರಿ, ಅವರೂ ಶಾಸನದ ದೊಡ್ಡ ವಿದ್ವಾಂಸರು. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ಆಮೇಲೆ ಯಾರೋ ಹುಟ್ಟಿಸಿದ ನಕಲಿ ದಾಖಲೆಗಳು ಅಂತ ಫ್ಲೀಟ್ ವಾದ. ಅವು ಅಸಲಿ ಅಂತ ರೈಸ್ ವಾದ. ವರ್ಷಗಟ್ಟಲೆ ನಡೆಯಿತು. ಅವುಗಳಲ್ಲಿ ಬಹಳಷ್ಟು ನಕಲಿ ಅನ್ನುವುದನ್ನು ನಂತರದ ವಿದ್ವಾಂಸರು ಒಪ್ಪಿದ್ದಾರೆ. ಅನುವಾದಗಳಲ್ಲೂ ತಪ್ಪುಗಳಿವೆ, ಆಮೇಲೆ ಬಂದವರು ಒಂದೊಂದಾಗಿ ತಿದ್ದಿದ್ದಾರೆ. ನಮಗೆ ಇಷ್ಟವಾದ ಸಂಗತಿ ಏನಂದರೆ, ತಿದ್ದಲು ಸಾಧ್ಯವಾದದ್ದು ಅವರು ಬರೀ ತಮ್ಮ ಅಭಿಪ್ರಾಯ ಬರೆಯದೆ ಮೂಲ ಪಾಠವನ್ನೂ ಅಚ್ಚು ಹಾಕಿಸಿದ್ದರಿಂದ. ಅವರ ವಿರುದ್ಧ ವಾದ ಮಾಡುವವರಿಗೂ ಸರಕು ಅವರ ಪುಸ್ತಕದಲ್ಲೇ ಸಿಗುತ್ತಿತ್ತು.

ಇನ್ನೊಂದು ಕೊರತೆ ಇವತ್ತಿನ ನಮ್ಮ ಕಣ್ಣಿಗೆ ಕಾಣುವಂಥದ್ದು. ಬ್ರೌಸರ್‌ನಲ್ಲಿ ಸೇವ್ ಕೊಟ್ಟರೆ ಆಯ್ಕೆ ಕೇಳುತ್ತಲ್ಲ: ಬರೀ ಎಚ್‌ಟಿಎಂಎಲ್ ಸಾಕಾ, ಚಿತ್ರಗಳ ಫೋಲ್ಡರ್ ಸಮೇತ ಬೇಕಾ, ಎಲ್ಲ ಸೇರಿ ಒಂದೇ ಫೈಲ್ ಆಗಬೇಕಾ ಅಂತ. ರೈಸ್ ಹೆಚ್ಚಿನಂಶ ಮೊದಲನೆಯದನ್ನು ಒತ್ತಿದ್ದಾರೆ. ಕೆಲವು ಆಯ್ದ ಶಾಸನಗಳ ಚಿತ್ರಪಟ ಇವೆ, ಉಳಿದಂತೆ ಪಠ್ಯ ಮಾತ್ರ. ವೀರಗಲ್ಲಿನ ಮೇಲೆ ಕುದುರೆ ಹೇಗಿತ್ತು, ಸತ್ತವನ ಪಕ್ಕ ನಿಂತವಳು ಯಾವ ಒಡವೆ ಹಾಕಿದ್ದಳು, ಅಕ್ಷರದ ತಿರುವು ಹೇಗಿತ್ತು ಅನ್ನೋದು ಪುಸ್ತಕದಲ್ಲಿ ಇಲ್ಲ. ಕಲ್ಲು ಕಳೆದುಹೋಗಿದ್ದರೆ ಅಷ್ಟೂ ಹೋದ ಹಾಗೆಯೇ. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಅದರಲ್ಲಿ ಎದ್ದು ಬರುತ್ತದೆ. ಇಸಿ ಮತ್ತು ಸಿಎಸ್ ಬ್ರಾಂಚಿನವರು ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಇಲ್ಲ ಅಂತ ಅಳೋದು ಬಿಟ್ಟು ಈ ಕಡೆ ನೋಡಬಹುದು.

ಮತ್ತೆ, ಸಂಪುಟದ ಹೊದಿಕೆ ಮೇಲೆ ಇರುವುದು ರೈಸ್ ಹೆಸರೊಂದೇ. ಬಿಸಿಲಲ್ಲಿ ಕಲ್ಲು ತೊಳೆದು, ಕಾಗದ ಬಡಿದು, ಸವೆದ ಸಾಲನ್ನು ಬೆರಳಲ್ಲಿ ಸವರಿ ಓದಿದ ಪಂಡಿತರು, ಸಹಾಯಕರು ಎಷ್ಟೋ ಜನ. ಅವರಲ್ಲಿ ಮುಂದೆ ದೊಡ್ಡ ಹೆಸರಾದವರು ಆರ್. ನರಸಿಂಹಾಚಾರ್. 1899ರಲ್ಲಿ ಇಲಾಖೆಗೆ ಸೇರಿ, 1906ರಲ್ಲಿ ರೈಸ್ ನಿವೃತ್ತರಾದಾಗ ಅವರ ಜಾಗಕ್ಕೆ ಬಂದರು. ಕರ್ನಾಟಕ ಕವಿಚರಿತೆ ಬರೆದವರು ಅವರೇ. ಉಳಿದ ಬಹುಪಾಲು ಜನರ ಹೆಸರು ಜನಕ್ಕೆ ಗೊತ್ತಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನ ಚಪಡನ ಹೆಸರು ನಮಗೆ ಗೊತ್ತು, ಅವನ ಬಂಡೆಗೆ ಕಾಗದ ಹಾಸಿದವರ ಹೆಸರು ಗೊತ್ತಿಲ್ಲ.

ನಿವೃತ್ತಿಯಾದ ಮೇಲೆ ರೈಸ್ ಇಂಗ್ಲೆಂಡಿಗೆ ಹೋಗಿ ಹ್ಯಾರೋ ಎಂಬಲ್ಲಿ ನೆಲೆಸಿದರು. ಕೆಲಸ ಅಲ್ಲೂ ಬಿಡಲಿಲ್ಲ. ಶಾಸನಗಳಿಂದಲೇ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ಕಟ್ಟುವ ಪುಸ್ತಕವನ್ನು 1909ರಲ್ಲಿ ತಂದರು. ಯೋಚನೆ ಮಾಡಿ, ಆಗ ಅವರ ಸುತ್ತ ಒಂದು ಕನ್ನಡದ ಕಲ್ಲೂ ಇಲ್ಲ. ಕಲ್ಲುಗಳೆಲ್ಲ ಸಮುದ್ರದ ಈಚೆ, ಅವರು ಆಚೆ. ಅವರ ಹತ್ತಿರ ಇದ್ದದ್ದು ತಾವೇ ಸೇವ್ ಮಾಡಿಕೊಂಡ ಹನ್ನೆರಡು ಸಂಪುಟ. 1927ರ ಜುಲೈ 10ರಂದು, ಇನ್ನೊಂದು ವಾರ ಕಳೆದಿದ್ದರೆ ತೊಂಬತ್ತು ತುಂಬುತ್ತಿತ್ತು ಅನ್ನುವಾಗ ತೀರಿಕೊಂಡರು.

ಅವರು ಹೋದ ಎರಡು ವರ್ಷಕ್ಕೆ, 1929ರಲ್ಲಿ, ಚಿತ್ರದುರ್ಗದ ಊರಂಚಿನ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರಿಗೆ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ ಸಿಕ್ಕಿತು. ಕೆರೆಯ ಶಾಸನ ಅದು. ನಾವು ಭಾನುವಾರ ಸುತ್ತಾಡೋಕೆ ಹೋಗುವ ಜಾಗದಲ್ಲೇ ಇದ್ದದ್ದು, ರೈಸ್ ಅವರ ಸಂಪುಟಕ್ಕೆ ಸೇರದೆ ಉಳಿದಿತ್ತು. ಹಲ್ಮಿಡಿ ಶಾಸನವೂ ಹೀಗೇ, ಕೃಷ್ಣ ಅವರ ಕಾಲದಲ್ಲೇ ಬೆಳಕಿಗೆ ಬಂತು. ಚಂದ್ರವಳ್ಳಿಯ ಆ ಕೆಲವು ಸಾಲುಗಳನ್ನು ಹೇಗೆ 읽ದರೆ ಸರಿ ಅನ್ನೋದರ ಬಗ್ಗೆ ಆಮೇಲಿನ ವಿದ್ವಾಂಸರು ಕೃಷ್ಣ ಅವರ ಓದನ್ನು ಒಪ್ಪದೆ ಬೇರೆ ಬೇರೆ ಓದು ಕೊಟ್ಟಿದ್ದಾರೆ. ಆ ಚರ್ಚೆ ಮುಗಿದಿಲ್ಲ.

ಸಂಪುಟ ಹನ್ನೊಂದರ ಪಿಡಿಎಫ್ ಬೇಕಾದವರು ಸಂಘದ ರೂಮಿಗೆ ಪೆನ್‌ಡ್ರೈವ್ ತೆಗೆದುಕೊಂಡು ಬನ್ನಿ. ಹಳೆಯ ಪುಸ್ತಕ, ಕಾಪಿರೈಟ್ ತೊಂದರೆ ಇಲ್ಲ. ಊರಿನ ಹೆಸರುಗಳು ಆ ಕಾಲದ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಇರೋದರಿಂದ ಹುಡುಕುವಾಗ ಎರಡು ಮೂರು ಥರ ಟೈಪ್ ಮಾಡಿ ನೋಡಬೇಕು. ರಜೆಗೆ ಊರಿಗೆ ಹೋದಾಗ ನಿಮ್ಮ ತಾಲ್ಲೂಕಿನ ಪಟ್ಟಿ ಹಿಡಿದು ಒಂದು ಸುತ್ತು ಹಾಕಿ. ಕಲ್ಲು ಇದ್ದರೆ ಪಕ್ಕದಿಂದ ಬೆಳಕು ಬೀಳುವ ಬೆಳಗಿನ ಹೊತ್ತಲ್ಲಿ ಫೋಟೊ ತೆಗೆಯಿರಿ, ಸುಣ್ಣ ಅರಿಶಿನ ಹಚ್ಚಬೇಡಿ. ಊರಿನ ಹೆಸರು, ಜಾಗ, ದಿನಾಂಕ ಬರೆದು ಕಳಿಸಿ. ಕಲ್ಲು ಇಲ್ಲದಿದ್ದರೆ ಇಲ್ಲ ಅಂತಲೂ ಬರೆದು ಕಳಿಸಿ.